ವೀಬೆಯ ನೀಲಿ ಹೂವು

ಕತ್ತರಿ ಒಂದೇ ಸಲಕ್ಕೆ ತೊಟ್ಟನ್ನು ತುಂಡರಿಸಿತು. ನೀಲಿ ಆರ್ಕಿಡ್ ಹೂವನ್ನು ಲ್ಯೂಡರ್ಸ್ ಕೋಟಿನ ಜೇಬಿಗೆ ಸೇರಿಸಿ, ಗಾಜಿನ ಮನೆಯ ಬಾಗಿಲೆಳೆದುಕೊಂಡ. ಬೆಳಗಿನ ಆರು ಗಂಟೆ. ಗಿಡಗಳನ್ನು ಬೆಚ್ಚಗಿಡುವ ಒಲೆಗೆ ಕಲ್ಲಿದ್ದಲು ಹಾಕುವವರು ಇನ್ನೂ ಬಂದಿರಲಿಲ್ಲ.

ಮೂವತ್ತೊಂದು ವರ್ಷದಿಂದ ಅರಮನೆಯ ತೋಟಗಾರ ಅವನು. ಹನ್ನೊಂದು ಜಾತಿಯ ತಾಳೆಗಳಿಗೆ ಲ್ಯಾಟಿನ್ ಹೆಸರಿಟ್ಟವನು. ಇಡೀ ತೋಟದ ಯಜಮಾನಿಕೆ ಯಾರಿಗೆಂದು ದೊರೆ ಈ ದಿನ ಹೇಳುವವರಿದ್ದರು. ಎದುರಾಳಿ ವೀಬೆ ಅವನ ಕೈಕೆಳಗೇ ಸಸಿ ನೆಡಲು ಕಲಿತವನು. ಬ್ರೆಜಿಲ್‌ನ ಕಾಡು ಎರಡು ವರ್ಷ ಅಲೆದು ಬಂದು, ಅಲ್ಲಿಂದ ತಂದ, ವಾಸನೆಯೂ ಇಲ್ಲದ ಈ ಒಂದು ಹೂವಿನಿಂದ ಊರವರ ಬಾಯಲ್ಲೆಲ್ಲ ಮಾತಾಗಿಬಿಟ್ಟಿದ್ದ.

"ಅವನ ಗಿಡ ಹೂ ಬಿಟ್ರೆ ನಿಮಗ್ಯಾಕ್ರೀ ಹೊಟ್ಟೆಯುರಿ?" ಮನೆಯಲ್ಲಿ ಕಾಫಿ ಬಗ್ಗಿಸುತ್ತ ಹೆಂಡತಿ ಯೆಟ್ಟೆ ಕೇಳಿದಳು. "ನಿದ್ದೇಲೂ ಹಲ್ಲು ಕಡೀತಿದ್ರಿ."

"ಹೂವೊಂದೇ ಅವನದು. ತೋಟ ನನ್ನದು ಕಣೇ."

"ದೊರೆಗೆ ಹಾಗಂತ ಹೇಳಿ ನೋಡಿ. ನಿನ್ನೆ ಊಟದ ಹೊತ್ತಲ್ಲೂ ಆ ನೀಲೀದೇ ಮಾತಂತೆ."

ಹತ್ತು ಗಂಟೆಗೆ ದೊರೆ ಪರಿವಾರದೊಡನೆ ಗಾಜಿನ ಮನೆಗೆ ಬಂದರು. ಲ್ಯೂಡರ್ಸ್ ಅವರನ್ನು ಇಷ್ಟು ಹತ್ತಿರದಿಂದ ಕಂಡು ವರ್ಷಗಳಾಗಿದ್ದವು. ಸಾರೋಟಿನಿಂದಲೇ ಕೈಬೀಸಿ ಹೋಗುವವರು. ಪಕ್ಕದಲ್ಲಿದ್ದ ಸೇನಾಧಿಕಾರಿ ಅವರ ಮೊಣಕೈಗೆ ತನ್ನ ಮೊಣಕೈ ತಾಗಿಸಿಕೊಂಡೇ ನಡೆಯುತ್ತಿದ್ದ. ಲ್ಯೂಡರ್ಸನ ತಾಳೆಯ ಕೆಳಗೆ ನಿಂತು ದೊರೆ ಕೇಳಿದರು: "ಎಷ್ಟೆತ್ತರ ಇದೆ?"

"ನಲವತ್ತು ಅಡಿ, ಪ್ರಭು."

"ಒಳ್ಳೇದು." ಅಷ್ಟೇ ಅಂದು ಮುಂದೆ ನಡೆದರು.

ವೀಬೆ ತನ್ನ ಕುಂಡದ ಪಕ್ಕದಲ್ಲಿ ಬಿಳಿಚಿಕೊಂಡು ನಿಂತಿದ್ದ. ಕುಂಡದಲ್ಲಿ ಎಲೆ, ಒಂದು ಬೋಳು ಕಡ್ಡಿ. ಪರಿವಾರದ ಹದಿನಾಲ್ಕು ಮಂದಿಯೂ ಅದನ್ನು ನೋಡಿದರು. ಲ್ಯೂಡರ್ಸನ ಹೊಟ್ಟೆಯುರಿ ತಣ್ಣಗಾಯಿತು.

ದೊರೆ ಬಾಗಿದರು.

"ಎಂಥಾ ನೀಲಿ," ಎಂದರು ಮೆಲ್ಲಗೆ. "ಇಂಥ ಬಣ್ಣ ನಾನು ಎಲ್ಲೂ ನೋಡಿಲ್ಲ. ತೋಟ ಇನ್ನು ನಿನ್ನದು, ವೀಬೆ."

"ಎಂಥಾ ನೀಲಿ, ಪ್ರಭು," ಎಂದರು ಹದಿನಾಲ್ಕು ಮಂದಿ.

"ಲ್ಯೂಡರ್ಸ್ ಯಾಕೆ ಸುಮ್ಮನಿದ್ದಾನೆ?" ದೊರೆ ನಗುತ್ತ ಕೇಳಿದರು. "ಇನ್ನೂ ಹೊಟ್ಟೆಕಿಚ್ಚೇ?"

ಕುಂಡ ಖಾಲಿ ಪ್ರಭು ಎನ್ನಲು ಲ್ಯೂಡರ್ಸ್ ಬಾಯಿ ತೆರೆದ. ಅಷ್ಟರಲ್ಲಿ ಅಧಿಕಾರಿ ಅವನ ತೋಳು ಹಿಡಿದು, ಕಿವಿಗೆ ಬಾಯಿ ತಂದ.

"ದೊರೆಗೆ ಕಣ್ಣು ಹೋಗಿ ಒಂಬತ್ತು ವರ್ಷ ಆಯ್ತು, ಮುದುಕಪ್ಪ, ಇಲ್ಲಿ ಯಾರೂ ಅದನ್ನ ಬಾಯಿಬಿಟ್ಟು ಹೇಳಿಲ್ಲ, ನೀನೂ ಹೇಳೋ ಹಾಗಿಲ್ಲ."