ನಾಯಿಮರಿಗಾಗಿ ಬರೆದ ಪಟ್ಟಿಯ ಕೊನೆಯ ಸಾಲು

ಮೈಸೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಒಬ್ಬ ಯಜಮಾನರ ಮನೆಗೆ ಆ ಭಾನುವಾರ ಸಂಜೆ ಹೊಸ ನಾಯಿಮರಿ ಬರುವುದಿತ್ತು...

ಬೆಳಗಿನಿಂದಲೇ ಅವರು ಒಂದು ಪಟ್ಟಿ ಹಿಡಿದು ಮನೆಯೆಲ್ಲ ಓಡಾಡುತ್ತಿದ್ದರು. ಮೊಬೈಲ್ ನೋಡಿ ಬರೆದುಕೊಂಡ ಇಪ್ಪತ್ತೆರಡು ಸಾಲು.

ನೆಲದ ವೈರ್‌ಗಳಿಗೆಲ್ಲ ಪೈಪ್ ಹಾಕಿಸಿದ್ದಾಯಿತು... ಬಾಲ್ಕನಿಗೆ ಜಾಲರಿ ಕಟ್ಟಿಸಿದ್ದಾಯಿತು... ಫಿನಾಯಿಲ್ ಬಾಟಲಿ ಮೇಲಿನ ಕಪಾಟು ಏರಿತು.

"ನೀನು ಅಂಬೆಗಾಲಿಡುವಾಗ ಮೆಟ್ಟಿಲಿಂದ ಮೂರು ಸಲ ಉರುಳಿದ್ದೆ ಕಣೋ. ನಿಮ್ಮಪ್ಪ ಒಂದು ಅಡ್ಡಹಲಗೆ ಇಡಿಸಲಿಲ್ಲ!" ಎಂದು ಅಜ್ಜಿ ಮಗನನ್ನು ಕಿಚಾಯಿಸಿದರು.

"ಅದಕ್ಕೇ ಅಮ್ಮ, ತಲೆ ಹೀಗಾಗಿರೋದು," ಎಂದು ಯಜಮಾನರು ಬೋಳುತಲೆ ಸವರಿಕೊಂಡರು.

ಎಲ್ಲರೂ ನಕ್ಕರು. ಒಂಬತ್ತು ವರ್ಷದ ಮಗಳು ಇಂಚರ ಮಾತ್ರ ನಗಲಿಲ್ಲ.

"ಅಪ್ಪಾ... ಇದೂ ಬುಲ್ಲಿ ಥರ ಹೋಗಿಬಿಡಲ್ಲ ತಾನೇ?"

ಯಜಮಾನರು ಪಟ್ಟಿಯನ್ನು ಮತ್ತೆ ಮೇಲಿನಿಂದ ಓದತೊಡಗಿದರು.

ಹೋದ ವರ್ಷ ದಸರಾ ಮುಗಿದ ವಾರ ತಂದಿದ್ದ ಮರಿ ಬುಲ್ಲಿ. ಹನ್ನೊಂದೇ ದಿನಕ್ಕೆ ವಾಂತಿ ಮಾಡಿ ಮಾಡಿ ಸತ್ತುಹೋಗಿತ್ತು. "ಏನು ತಿಂದಿತ್ತು?" ಎಂದು ಡಾಕ್ಟರ್ ಕೇಳಿದಾಗ, "ಮೊಸರನ್ನ ಬಿಟ್ಟು ಏನೂ ಇಲ್ಲ" ಎಂದಿದ್ದರು ಮನೆಯವರು.

ಅಲ್ಲೇ ನೆಲ ಒರೆಸುತ್ತಿದ್ದ ಚಂದ್ರಿಯ ಕೈ ಗಕ್ಕನೆ ನಿಂತಿತು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನಾಲ್ಕು ವರ್ಷದಿಂದ ಈ ಮನೆಯ ಕೆಲಸಕ್ಕೆ ಬರುತ್ತಿದ್ದಳು. ತಲೆ ಎತ್ತಿ ಮಾತಾಡಿದವಳಲ್ಲ... ಕಣ್ಣಿಗೆ ಬಿದ್ದದ್ದನ್ನು ಮರೆತವಳೂ ಅಲ್ಲ.

ಅವತ್ತು ಬುಲ್ಲಿಯ ವಾಂತಿ ಒರೆಸಿದ್ದು ಅವಳೇ. ಅದರಲ್ಲಿ ಮೊಸರನ್ನದ ವಾಸನೆ ಇರಲಿಲ್ಲ... ಅಜ್ಜಿಯ ದಸರಾ ಗೊಂಬೆ ಪೆಟ್ಟಿಗೆಯ ವಾಸನೆ ಇತ್ತು.

"ಸಾರ್, ಈ ವಾಸನೆ..." ಎಂದಿದ್ದಳು.

"ಮೊದಲು ಒರೆಸಮ್ಮ, ಆಮೇಲೆ ಹೇಳು," ಎನ್ನುತ್ತ ಯಜಮಾನರು ಮರಿಯನ್ನು ಎತ್ತಿಕೊಂಡು ಕಾರಿಗೆ ಓಡಿದ್ದರು.

ಆ 'ಆಮೇಲೆ' ಬರಲೇ ಇಲ್ಲ. ತಾನಾಗಿ ಹೇಳಿದರೆ ಅಜ್ಜಿಯ ಮೇಲೆ ಚಾಡಿ ಹೇಳಿದ ಹಾಗಾದೀತು ಎಂದು ಚಂದ್ರಿಯೂ ಬಾಯಿ ಮುಚ್ಚಿಕೊಂಡಿದ್ದಳು.

"ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಆಯ್ತು ಮಗಳೇ. ಇನ್ನೇನೂ ಬಾಕಿ ಇಲ್ಲ!" ಎಂದರು ಯಜಮಾನರು.

ಚಂದ್ರಿ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತಳು.

"ಬಾಕಿ ಇದೆ ಸಾರ್."

ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

"ನೀವು ನಿಂತ್ಕೊಂಡು ನೋಡಿದ್ದೀರಿ. ನಾಯಿಮರಿ ನಿಮ್ಮ ಮೊಣಕಾಲಿಗೂ ಬರಲ್ಲ... ಬಗ್ಗಿ ಸಾರ್, ತೋರಿಸ್ತೀನಿ."

ಊರಿಗೆಲ್ಲ ನೆಲ ಮಾರುವ ಯಜಮಾನರು ತಮ್ಮ ಮನೆಯ ನೆಲಕ್ಕೆ ಕೆನ್ನೆ ತಾಗಿಸಿ ನೋಡಿದರು.

ಅಜ್ಜಿಯ ಮಂಚದ ಕೆಳಗೆ ದಸರಾ ಗೊಂಬೆಗಳ ಹಳೇ ತಗಡಿನ ಪೆಟ್ಟಿಗೆ. ಹಿಂದಿನ ಮೂಲೆಯಲ್ಲಿ ತುಕ್ಕು ತಿಂದ ತೂತು. ಅದರ ಪಕ್ಕ ಪೆಪ್ಪರ್‌ಮಿಂಟಿನಂತೆ ಹೊಳೆಯುವ ಮೂರು ಬಿಳಿ ಉಂಡೆ...

"ನುಸಿ ಗುಳಿಗೆ ಸಾರ್. ಗೊಂಬೆಗಳ ರೇಷ್ಮೆ ಬಟ್ಟೆಗೆ ಹುಳ ಬೀಳಬಾರದು ಅಂತ ಅಜ್ಜಿ ಹಾಕ್ತಾರೆ. ತೂತಿನಿಂದ ಉರುಳಿ ಆಚೆ ಬರುತ್ತೆ. ಸಿಕ್ಕಿದ್ದನ್ನ ನಾನು ಅದೇ ತೂತಿಗೆ ತುರುಕ್ತಿದ್ದೆ... ಆದ್ರೆ ನಾನು ಬರೋಕೆ ಮುಂಚೆ ಬುಲ್ಲಿ ಎದ್ದಿರ್ತಿತ್ತಲ್ಲ ಸಾರ್... ಒಂದನ್ನ ನುಂಗಿರಬೇಕು."

ಅವಳು ಆ ಮೂರೂ ಉಂಡೆ ಆಯ್ದು ಅಂಗೈಯಲ್ಲಿ ಹಿಡಿದಳು. "ಅವತ್ತೇ ಹೇಳಬೇಕಿತ್ತು. ಹೆದರ್ಕೊಂಡೆ."

ಅಜ್ಜಿ ಮಂಚದ ಅಂಚಿಗೆ ಬಂದು ಕೂತರು. "ಗೊಂಬೆ ಉಳಿಸೋಕೆ ಹೋಗಿ... ಜೀವ ಇರೋದನ್ನ ಕೊಂದ್ನಲ್ಲವ್ವಾ..."

ಇಂಚರ ಓಡಿ ಬಂದು ಅಜ್ಜಿಯನ್ನು ತಬ್ಬಿಕೊಂಡಳು. "ನಿಂಗೆ ಗೊತ್ತಿರಲಿಲ್ಲ ಅಲ್ವಾ ಅಜ್ಜಿ... ಅಳಬೇಡ..." ಹಾಗೆನ್ನುತ್ತಲೇ ತಾನೂ ಅತ್ತಳು.

ಯಜಮಾನರು ನೆಲದ ಮೇಲೇ ಎದ್ದು ಕೂತರು.

"ನೀನು ಹೇಳೋಕೆ ಬಂದಿದ್ದೆ ಚಂದ್ರಿ... ಆಮೇಲೆ ಅಂದವನು ನಾನು," ಎಂದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಆಮೇಲೆ ಯಾರೂ ಸುಮ್ಮನೆ ಕೂರಲಿಲ್ಲ. ಗುಳಿಗೆಗಳೆಲ್ಲ ಮನೆಯಿಂದ ಆಚೆ ಹೋದವು. ಗೊಂಬೆಗಳ ನಡುವೆ ಅಜ್ಜಿ ಒಣಗಿದ ಬೇವಿನ ಸೊಪ್ಪು ಇಟ್ಟರು, ಪೆಟ್ಟಿಗೆ ಅಟ್ಟ ಸೇರಿತು. ಚಂದ್ರಿ ಮುಂದೆ, ಯಜಮಾನರು ಹಿಂದೆ... ಇಬ್ಬರೂ ಮೊಣಕಾಲೂರಿ ಮನೆಯೆಲ್ಲ ಸುತ್ತಿದರು. ಸೋಫಾದ ಅಡಿಯಲ್ಲಿ ಒಂದು ಮೊಳೆ, ಫ್ರಿಜ್ ಹಿಂದೆ ಅಜ್ಜಿಯ ಕೈಜಾರಿದ ಬಿ.ಪಿ. ಮಾತ್ರೆ ಸಿಕ್ಕಿದವು.

ಸಂಜೆ ಮರಿ ಬಂತು. ಕೆಳಗೆ ಬಿಟ್ಟಿದ್ದೇ ತಡ, ನೆಟ್ಟಗೆ ಅಜ್ಜಿಯ ಮಂಚದ ಕೆಳಗೆ ನುಗ್ಗಿತು!

ಇಂಚರ ಮಂಚದ ಬಳಿಗೆ ಓಡಿ ಬಗ್ಗಿದಳು...

ಮರಿ ಮೂಗಿನ ತುದಿಗೆ ಒಂಚೂರು ಧೂಳು ಮೆತ್ತಿಕೊಂಡು ಆಚೆ ಬಂದು, "ಪ್ಚಿ" ಎಂದು ಸೀನಿತು. ಇಂಚರ ಕಿಲಕಿಲನೆ ನಕ್ಕಳು.

ಯಜಮಾನರು ಜೇಬಿನಿಂದ ಪಟ್ಟಿ ತೆಗೆದು, ಕೊನೆಗೆ ಇನ್ನೊಂದು ಸಾಲು ಬರೆದು ಚಂದ್ರಿಯ ಕೈಗೆ ಕೊಟ್ಟರು. ಅವಳು ಎರಡೆರಡು ಸಲ ಓದಿದಳು.

'23. ಚಂದ್ರಿಯನ್ನು ಕೇಳಬೇಕು.'

ಅಜ್ಜಿ ಇಣುಕಿ ನೋಡಿ ಹೇಳಿದರು, "ಇದನ್ನ ಒಂದನೇ ನಂಬರಿಗೆ ಹಾಕಬೇಕಿತ್ತು ಕಣೋ."

ಚಂದ್ರಿ ಆವತ್ತು ತಲೆ ತಗ್ಗಿಸಲಿಲ್ಲ.

*

ಬಗ್ಗಿ ಕೆಲಸ ಮಾಡುವವರ ಕಣ್ಣಿಗೆ ಬೀಳುವುದು, ನಿಂತು ನೋಡುವವರಿಗೆ ಕಾಣುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರೋ ಒಂದು ಮಾತು ಹೇಳಲು ಬಂದು, ನಿಮ್ಮ 'ಆಮೇಲೆ'ಗಾಗಿ ಇನ್ನೂ ಕಾಯುತ್ತಿಲ್ಲ ತಾನೇ...?