ಕಾಲರ್ ತಿರುಗಿಸುವುದು ಹೇಗೆ

"‘ಲೇಖನದ ಹೆಸರು ಇಲ್ಲಿ ಹಾಕಿ’ ಅನ್ನೋ ನನ್ನ ಲೇಖನ ನಿನಗೆ ತುಂಬಾ ಹಿಡಿಸಿತು ಅಂತ ಬರೆದಿದ್ದೀಯಲ್ಲಮ್ಮ," ಫೋನಿನಲ್ಲಿ ವಯಸ್ಸಾದ ಹೆಂಗಸಿನ ದನಿ. "ಆ ಹೆಸರಿನದು ನಾನು ಬರೆದ ನೆನಪೇ ಇಲ್ಲ. ಎಲ್ಲಿದೆ ಹೇಳು, ನಾನೂ ಓದ್ತೀನಿ."

ಅವಳು ಇಮೇಲ್ ತೆರೆದು ನೋಡಿದಳು. ನಿಜ. ಎಲ್ಲರಿಗೂ ಕಳುಹಿಸುವ ಒಂದೇ ಅಚ್ಚಿನ ಪತ್ರ, ಖಾಲಿ ಜಾಗ ತುಂಬುವುದನ್ನೇ ಮರೆತಿದ್ದಳು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಾದಿನಿ ಎದುರಿನ ಮೇಜಿನಲ್ಲಿ ಹಣೆ ಚಚ್ಚಿಕೊಂಡಳು. ಆ ಎರಡು ಮೇಜಿನ ಆಫೀಸು ನಾದಿನಿಯದೇ. ಬೇರೆಯವರ ಜಾಲತಾಣಗಳಿಗೆ ಅತಿಥಿ ಲೇಖನ ಬರೆದುಕೊಟ್ಟು, ಅದರೊಳಗೆ ತಮ್ಮ ಗಿರಾಕಿಯ ತಾಣಕ್ಕೆ ಹೋಗುವ ಒಂದು ಲಿಂಕ್ ಸೇರಿಸುವುದು ಅಲ್ಲಿನ ಕೆಲಸ. ಅಂಥ ಲಿಂಕು ಹೆಚ್ಚಿದಷ್ಟೂ ಹುಡುಕುವವರ ಕಣ್ಣಿಗೆ ಗಿರಾಕಿಯ ಅಂಗಡಿ ಮುಂದಾಗಿ ಬೀಳುತ್ತದೆ. ತನ್ನ ಅಣ್ಣ ತೀರಿಕೊಂಡ ಮೇಲೆ ಗೋಡೆ ನೋಡುತ್ತ ಕೂತಿದ್ದ ಅತ್ತಿಗೆಯನ್ನು ನಾದಿನಿಯೇ ಈ ಕೆಲಸಕ್ಕೆ ಕರೆತಂದಿದ್ದಳು. ಬಂದಾಗಿನಿಂದ ಅತ್ತಿಗೆಯ ಒಂದು ಪತ್ರಕ್ಕೂ ಉತ್ತರ ಬಂದಿರಲಿಲ್ಲ. ಮುಂದಿನ ವಾರದೊಳಗಾದರೂ ಲಿಂಕ್ ಬೀಳದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಸೂಜಿ, ದಾರ ಮಾರುವ ಗಿರಾಕಿ ಹೇಳಿಯಾಗಿತ್ತು.

"ಓದಿಲ್ಲ ಮೇಡಂ," ಎಂದಳು ಅವಳು. "ನಿಮ್ಮದು ಒಂದನ್ನೂ ಓದಿಲ್ಲ."

ನಾದಿನಿ ಎರಡೂ ಕೈ ಆಡಿಸಿ ಬೇಡ, ಬೇಡ ಎಂದಳು.

ಆ ಕಡೆ ನಗು. "ಹೀಗೆ ಹೊಗಳಿ ಬರೆಯೋರು ದಿನಕ್ಕೊಬ್ಬರು. ಓದಿಲ್ಲ ಅಂತ ಬಾಯಿಬಿಟ್ಟವಳು ನೀನೇ ಮೊದಲು. ನೋಡು, ನಾನು ಹೊಲಿಗೆ ಟೀಚರ್ ಆಗಿದ್ದವಳು. ಕೈಯಾರೆ ಮಾಡದೆ ಬರೆದಿದ್ದನ್ನ ನನ್ನ ಸೈಟಿಗೆ ಹಾಕಲ್ಲ. ಸವೆದ ಕಾಲರನ್ನ ತಿರುಗಿಸಿ ಹೊಲಿಯೋದು ಹೇಗೆ ಅಂತ ಜನ ಕೇಳ್ತಾನೇ ಇರ್ತಾರೆ. ನನ್ನ ಕಣ್ಣು ಈಗ ಸೂಜಿ ಪೋಣಿಸೋಕೂ ಆಗಲ್ಲ ಅನ್ನುತ್ತೆ. ನೀನು ಮಾಡಿ, ಫೋಟೋ ತೆಗೆದು, ಬರೆದು ಕಳಿಸು. ನಿನ್ನ ಲಿಂಕೂ ಹಾಕ್ತೀನಿ. ಮನೇಲಿ ಗಂಡಸರ ಹಳೇ ಶರ್ಟು ಇದೆಯಾ?"

"ಇದೆ," ಎಂದುಬಿಟ್ಟಳು.

ಫೋನಿಟ್ಟ ಮೇಲೆ ನಾದಿನಿ ಕುರ್ಚಿಯನ್ನು ಅವಳ ಮೇಜಿನ ಹತ್ತಿರ ಎಳೆದುಕೊಂಡಳು. "ಅತ್ತಿಗೆ, ಹಳೇ ಬಟ್ಟೆ ಮಾರೋರ ಹತ್ತಿರ ಯಾವುದಾದ್ರೂ ಒಂದು ತಂದುಕೊಡ್ತೀನಿ. ಅಣ್ಣನ ಬೀರು ತೆಗೀಬೇಡಿ. ಗಿರಾಕಿ ಹೋದರೆ ಹೋಗಲಿ."

"ನೋಡ್ತೀನಿ ಬಿಡು."

ಭಾನುವಾರ ಮಧ್ಯಾಹ್ನ ಅವಳು ಬೀರು ತೆಗೆದಳು. ನೀಲಿ ಶರ್ಟು ಕೈಗೆ ಬಂತು. ನೆಲ ಒರೆಸೋಕೆ ಹಾಕ್ತೀನಿ ಎಂದು ಅವಳು ಹೆದರಿಸಿದಾಗಲೆಲ್ಲ, ಇನ್ನೂ ಗಟ್ಟಿಯಾಗಿದೆ ಕಣೇ ಎಂದು ಅವನು ಬಚ್ಚಿಡುತ್ತಿದ್ದ ಶರ್ಟು. ಕಾಲರಿನ ಮಡಿಕೆ ಪಿಸಿದು ನೂಲು ಎದ್ದಿತ್ತು. ಕಿಟಕಿಯ ಬಳಿ ಕೂತು ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಿದಳು. ಕಾಲರ್ ಬಿಚ್ಚಿಕೊಂಡಾಗ, ಕತ್ತಿನ ಪಟ್ಟಿಯೊಳಗೆ ಸೇರಿಹೋಗಿದ್ದ ಅದರ ಅಂಚು ಹೊರಬಂತು. ಬಿಸಿಲು, ಸೋಪು ಏನೂ ಮುಟ್ಟಿರಲಿಲ್ಲ. ಅಂಗಡಿಯಿಂದ ತಂದ ದಿನದ ನೀಲಿ ಹಾಗೇ ಇತ್ತು. ಅದನ್ನು ನೋಡುತ್ತ ಕೂತಳು. ಆಮೇಲೆ ಫೋಟೋ ತೆಗೆದಳು.

ಸವೆದ ಮಗ್ಗುಲು ಒಳಕ್ಕೆ ಬರುವಂತೆ ಕಾಲರನ್ನು ತಿರುಗಿಸಿ, ಮತ್ತೆ ಪಟ್ಟಿಯೊಳಗೆ ಕೂರಿಸಿ, ಪಿನ್ನು ಚುಚ್ಚಿ ಹೊಲಿದಳು. ಸೊಟ್ಟಗಾಯಿತು. ಬಿಚ್ಚಿ ಇನ್ನೊಮ್ಮೆ ಹೊಲಿದಳು. ಬೆಳಕು ಹೋಗುವವರೆಗೂ ಹೊಲಿಗೆಯೊಂದನ್ನು ಬಿಟ್ಟು ಬೇರೇನೂ ತಲೆಯೊಳಗೆ ಸುಳಿಯಲಿಲ್ಲ. ಅಂಥ ಬಿಡುವು ಸಿಕ್ಕಿ ಬಹಳ ಕಾಲವಾಗಿತ್ತು. ಲೇಖನ ಬರೆಯುವುದು ಅದಕ್ಕಿಂತ ಸುಲಭವಾಯಿತು.

ಆ ವಾರ ಮುಗಿಯುವ ಮೊದಲೇ ಅದು ಟೀಚರ್ ಅವರ ತಾಣದಲ್ಲಿ ಬಂತು. ‘ನೀಲಿ ದಾರ’ ಎಂಬಲ್ಲಿ ಒತ್ತಿದರೆ ನೇರ ಗಿರಾಕಿಯ ಅಂಗಡಿ. "ಬಿತ್ತು ಅತ್ತಿಗೆ, ಬಿತ್ತು," ಎಂದು ನಾದಿನಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ಅಷ್ಟರಲ್ಲಿ ಟೀಚರ್ ಫೋನು. ಅವಳು ಸ್ಪೀಕರಿಗೆ ಹಾಕಿದಳು.

"ಬೆಳಗ್ಗೆಯಿಂದ ಆಗಲೇ ಮೂರು ಜನ ಬರೆದಿದ್ದಾರೆ, ನಾವೂ ಮಾಡ್ತೀವಿ ಅಂತ. ಒಂದೇ ಒಂದು ಬಿಟ್ಟಿದ್ದೀಯ. ಶರ್ಟು ಯಜಮಾನರದು ಅಂತ ಬರೆದಿದ್ದೀಯಲ್ಲ, ಹಾಕ್ಕೊಂಡು ಏನಂದ್ರು?"

ಕೀಬೋರ್ಡಿನ ಮೇಲೆ ನಾದಿನಿಯ ಕೈ ನಿಂತಿತು. ಮನೆಗೆ ಬಂದುಹೋಗುವ ಯಾರೂ ಅವನ ಮಾತೆತ್ತುತ್ತಿರಲಿಲ್ಲ. ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡು ಸೆಕೆಯ ಬಗ್ಗೆ ಮಾತಾಡುತ್ತಿದ್ದರು. ಅವನು ಏನಂದ ಎಂದು ಇವತ್ತು ಅವಳನ್ನು ಒಬ್ಬರು ಕೇಳಿದ್ದರು. ಕೇಳಿದ್ದೇ ಅವಳಿಗೆ ಹಿತವೆನಿಸಿತು.

"ಅವರಿಲ್ಲ ಟೀಚರ್. ಹೋದ ವರ್ಷ ತೀರಿಹೋದರು. ನಾನೇ ಹಾಕ್ಕೊಂಡಿದೀನಿ ಇವತ್ತು."

ಇನ್ನು ಸಮಾಧಾನದ ಮಾತು ಬರುತ್ತದೆ ಎಂದು ಅವಳು ಕಾದಳು. ಅದಕ್ಕೆ ಹೇಳುವ ಉತ್ತರ ಬಾಯಿಪಾಠವಾಗಿತ್ತು.

"ಕತ್ತಿಗೆ ಸರಿಯಾಗಿ ಕೂತಿದೆಯಾ?" ಎಂದರು ಟೀಚರ್.

"ಸ್ವಲ್ಪ ದೊಡ್ಡದು."

"ಹಾಗಾದ್ರೆ ಮೇಲಿನ ಗುಂಡಿ ಕಿತ್ತು, ಒಂದು ಬೆರಳಷ್ಟು ಒಳಗೆ ಸರಿಸಿ ಹಚ್ಚು. ಅದನ್ನೂ ಬರಿ. ಮುಂದಿನ ಸಲ ಹಾಕೋಣ."

"ಹಚ್ತೀನಿ," ಎಂದಳು. ಮತ್ತೇನೋ ಹೇಳಬೇಕೆನಿಸಿ, "ಅವರು ಏನಂದ್ರು ಅಂತ ಕೇಳಿದ್ರಲ್ಲ, ತುಂಬಾ ಒಳ್ಳೇದಾಯ್ತು ಟೀಚರ್," ಎಂದಳು.

ನಾದಿನಿ ಎದ್ದು ಬಂದು, ಅವಳ ಕತ್ತಿನ ಹತ್ತಿರ ಕಾಲರಿನೊಳಗೆ ಬೆರಳು ತೂರಿಸಿ, ಎಷ್ಟು ಸಡಿಲವಿದೆ ಎಂದು ನೋಡಿದಳು.