ಹಣೆಯ ಮೇಲಿನ ಒದ್ದೆ ಬಟ್ಟೆ

ಟೀಚರ್ ಮಂಚದ ಅಂಚಿಗೆ ಕೂತು ಹುಡುಗಿಯ ಹಣೆಯತ್ತ ಕೈ ಚಾಚಿದಾಗ, ಬಾಗಿಲಲ್ಲಿ ನಿಂತಿದ್ದ ತಾಯಿ ಒಂದು ಹೆಜ್ಜೆ ಮುಂದೆ ಬಂದಳು. ಹೊಲಿಗೆಯಲ್ಲಿ ಉಳಿದ ಲೈನಿಂಗ್ ಬಟ್ಟೆಯ ಚೂರನ್ನು ಒದ್ದೆ ಮಾಡಿ ಆ ಹಣೆಯ ಮೇಲೆ ಹಾಕಿದ್ದವಳು ಅವಳೇ. ಯಾರು ಕೇಳಿದರೂ ಜ್ವರ ಅನ್ನು ಎಂದು ಬೆಳಗ್ಗೆ ಮಗಳಿಗೆ ಕಲಿಸಿದವಳೂ ಅವಳೇ. "ರಾತ್ರಿಯಿಂದ ಮೈ ಸುಡ್ತಾ ಇದೆ ಮಿಸ್. ಪ್ರವಾಸಕ್ಕೆ ಹೇಗೆ ಕಳಿಸಲಿ?"

ಟೀಚರ್ ಬಟ್ಟೆ ಸರಿಸಿ ಹಣೆ ಮುಟ್ಟಿದರು, ಆಮೇಲೆ ಕತ್ತು ಮುಟ್ಟಿದರು. ಎಲ್ಲೂ ಬಿಸಿಯಿರಲಿಲ್ಲ. ಹುಡುಗಿ ಯಾವಾಗ ಹಾಕಿಕೊಂಡಿದ್ದಳೋ, ಹೊದಿಕೆಯ ತುದಿಯಲ್ಲಿ ಪಾಲಿಶ್ ಮಾಡಿದ ಶೂ ಇಣುಕುತ್ತಿತ್ತು. ಟೀಚರ್ ದನಿ ತಗ್ಗಿಸಿದರು. "ಪ್ರವಾಸದ ಚೀಟಿಯ ಹಿಂದುಗಡೆ ಓದ್ಲಿಲ್ವಾ ಅಮ್ಮಾ? ಆ ದುಡ್ಡು ಕೈಲಾದವರು ಕೊಡೋದು. ಕೊಡದಿದ್ರೂ ಯಾವ ಮಗುವನ್ನೂ ಬಿಟ್ಟು ಹೋಗಲ್ಲ. ಇವಳ ಸೀಟು ಹಾಗೇ ಇದೆ, ಬಸ್ಸು ಬೀದಿ ಕೊನೇಲಿ ಕಾಯ್ತಿದೆ."

ಮುಂದುಗಡೆ ಬರೆದಿದ್ದ ಮೊತ್ತ ಕಂಡದ್ದೇ ತಾಯಿ ಆ ಚೀಟಿಯನ್ನು ಮಡಚಿ ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ತುರುಕಿದ್ದಳು. ಈಗ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಸಾಕು, ಮಗಳು ಹೊರಡಬಹುದು. ಅವಳು ಬಾಯಿ ತೆರೆದಳು. ಆಮೇಲೆ ಮಗಳ ಮುಖ ನೋಡಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಹೊರಗೆ ಬಸ್ಸು ಹಾರನ್ ಹೊಡೆಯಿತು. ಹುಡುಗಿ ಒಮ್ಮೆ ಕಿಟಕಿಯತ್ತ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು. ಶೂ ಕಾಣದ ಹಾಗೆ ಕಾಲು ಒಳಗೆಳೆದುಕೊಂಡು, ಒದ್ದೆ ಬಟ್ಟೆಯನ್ನು ತಾನೇ ಹಣೆಯ ಮೇಲೆ ಹಾಕಿಕೊಂಡಳು.

"ನಂಗೆ ಜ್ವರ ಇದೆ ಮಿಸ್. ನಮ್ಮಮ್ಮ ಸುಳ್ಳು ಹೇಳಲ್ಲ."